ಮನೆಯೊಳಗಿನ ಬೂಷ್ಟು ಮತ್ತು ಗಾಳಿಯ ಪರೀಕ್ಷೆ

ಆರಿದ್ರಾ ಮಳೆ ಹಿಡಿಯಿತೆಂದರೆ ಪುಷ್ಯ, ಆಶ್ಲೇಷ ಮುಗಿಯುವ ವರೆಗೆ ಹುಬ್ಬಳ್ಳಿ-ಧಾರವಾಡದ ಸುತ್ತಲಿನ ಊರುಗಳಲ್ಲಿ ನೆಟ್ಟಗೆ ಬಿಸಿಲು ಕಾಣುವದು ಕಡಿಮೆ. ಮಳೆ ಜೋರಾಗಿ ಸುರಿಯುವದಕ್ಕಿಂತ ಜಿಟಿಜಿಟಿಯಾಗಿ ಹಿಡಿದು ಕೂಡ್ರುವದೇ ಹೆಚ್ಚು. ಈ ದಿನಗಳಲ್ಲಿ ಪೆಟ್ಟಿಗೆಯೊಳಗಿನ ಅರಿವೆಗಳಿಗೆ ಮುಗ್ಗು ವಾಸನೆ ಬರುತ್ತದೆ. ಚಪ್ಪಲಿಗಳ ಮೇಲೆ ಬಿಳಿ ಪೊರೆ ಕಟ್ಟುತ್ತದೆ. ಹಿಂದಿನ ಕೋಣೆಯ ಗೋಡೆಯ ಮೂಲೆಯಲ್ಲಿ ಕರಿಯ ಚುಕ್ಕೆಗಳು ಮೂಡಿ ದಿನದಿನಕ್ಕೆ ಹರಡುತ್ತವೆ. ಇದನ್ನೇ ನಾವು ಬೂಷ್ಟು, ಬೂಸರ ಎಂದು ಕರೆಯುತ್ತೇವೆ. ಮಳೆಗಾಲ ಹೋದರೆ ಅದೂ ಹೋಗುತ್ತದೆಂದು ಸುಮ್ಮನಿರುವವರೇ ಬಹಳ. ಆದರೆ ಅದೇ ಕೋಣೆಯಲ್ಲಿ ಮಲಗುವ ಮಗುವಿಗೆ ರಾತ್ರಿಯೆಲ್ಲ ಕೆಮ್ಮು ಹತ್ತಿದಾಗ ತಾಯಿಯ ಮನಸ್ಸು ಸುಮ್ಮನಿರುವದಿಲ್ಲ.

ಬೆಂಗೇರಿ ಹಿಂದೆ ಹುಬ್ಬಳ್ಳಿಯ ಮಗ್ಗುಲಿನ ಹಳ್ಳಿಯಾಗಿತ್ತು. ಇಂದು ಅದು ಹುಬ್ಬಳ್ಳಿ-ಧಾರವಾಡ ಮಹಾನಗರ ಪಾಲಿಕೆಯಲ್ಲಿ ಸೇರಿದೆ. ೧೯೫೭ರ ನವೆಂಬರ ೧ರಂದು ಸ್ಥಾಪನೆಯಾದ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘವು ಇಲ್ಲಿದೆ. ೨೦೦೬ರಲ್ಲಿ ಭಾರತೀಯ ಮಾನಕ ಬ್ಯೂರೋದ ಮಾನ್ಯತೆ ಪಡೆದು ರಾಷ್ಟ್ರಧ್ವಜಗಳನ್ನು ತಯಾರಿಸಿದ ಕೀರ್ತಿ ಈ ಸಂಘದ್ದು. ಅರಳೆ, ನೂಲು, ಗಂಜಿ ಹಾಕಿದ ಅರಿವೆಗಳನ್ನು ಕಾಯುವವರಿಗೆ ತೇವವೆಂಬ ಶತ್ರುವಿನ ಪರಿಚಯ ಹೊಸದಲ್ಲ. ಬೂಷ್ಟು ಗಂಜಿಯನ್ನೂ ಹತ್ತಿಯ ಎಳೆಯನ್ನೂ ತಿಂದು ಬದುಕುತ್ತದೆ. ಅರಿವೆಯನ್ನು ಕಾಯುವಷ್ಟು ಎಚ್ಚರವನ್ನು ನಾವು ನಮ್ಮ ಮಲಗುವ ಕೋಣೆಯ ಗೋಡೆಗೂ ತೋರಿಸಬೇಕಲ್ಲವೇ?

ಈಗೀಗ ದೊಡ್ಡ ಪಟ್ಟಣಗಳಲ್ಲಿ ಯಂತ್ರಗಳನ್ನು ತಂದು ಮನೆಯ ಬೂಷ್ಟನ್ನೂ ಗಾಳಿಯನ್ನೂ ಪರೀಕ್ಷಿಸುವ ಕಸಬುದಾರರು ಇದ್ದಾರೆ. "ನಾವೂ ಈ ಪರೀಕ್ಷೆ ಮಾಡಿಸಬೇಕೇ? ಅದಕ್ಕೆ ಹಾಕುವ ಹಣ ದಂಡವಾಗುವದಿಲ್ಲವೇ?" ಎಂಬ ಪ್ರಶ್ನೆ ಸಹಜವಾಗಿದೆ. ಉತ್ತರ ತಿಳಿಯಬೇಕಾದರೆ ಮೊದಲು ಬೂಷ್ಟಿನ ಸ್ವಭಾವವನ್ನು ಅರಿಯಬೇಕು.

ಬೂಷ್ಟು ಎಂದರೇನು?

ಬೂಷ್ಟು ಒಂದು ಜಾತಿಯ ಶಿಲೀಂಧ್ರ. ಅದು ಬೇರಿನಂಥ ಸಣ್ಣ ಎಳೆಗಳನ್ನು ಹಬ್ಬಿಸಿ, ಬೀಜಕಣಗಳನ್ನು ಗಾಳಿಯಲ್ಲಿ ಬಿಡುತ್ತದೆ. ಬಹುತೇಕ ಬೀಜಕಣಗಳು ಬರಿಗಣ್ಣಿಗೆ ಕಾಣದಷ್ಟು ಚಿಕ್ಕವು. ಹೊಲದಲ್ಲಿ, ತಿಪ್ಪೆಯಲ್ಲಿ, ಒಣಗಿದ ಎಲೆಗಳಲ್ಲಿ ಅವು ಸದಾ ಇರುತ್ತವೆ. ಗಾಳಿಯೊಡನೆ ಮನೆಯೊಳಗೂ ಬರುತ್ತವೆ. ಬೀಜಕಣಗಳೇ ಇಲ್ಲದ ಮನೆ ಲೋಕದಲ್ಲಿ ಇಲ್ಲ. ಆದರೆ ಬಿತ್ತಿದ ಬೀಜ ಹಸಿ ಇಲ್ಲದೆ ಹುಟ್ಟುವದಿಲ್ಲವೆಂಬುದು ಒಕ್ಕಲಿಗನಿಗೆ ಗೊತ್ತಿದ್ದ ಮಾತು. ಬೂಷ್ಟಿಗೂ ಅದೇ ನಿಯಮ. ತೇವ ಸಿಕ್ಕರೆ ಮಾತ್ರ ಅದು ಬೆಳೆಯುತ್ತದೆ. ಆದುದರಿಂದ ಬೂಷ್ಟಿನ ಪ್ರಶ್ನೆಯೆಂದರೆ ನಿಜವಾಗಿ ತೇವದ ಪ್ರಶ್ನೆ. ಈ ಒಂದು ಮಾತನ್ನು ನೆನಪಿನಲ್ಲಿಟ್ಟರೆ ಮುಂದಿನದೆಲ್ಲ ಸುಲಭವಾಗಿ ತಿಳಿಯುವದು.

ಆರೋಗ್ಯಕ್ಕೆ ಆಗುವ ಹಾನಿ

ತೇವ ಮತ್ತು ಬೂಷ್ಟು ಇರುವ ಮನೆಗಳಲ್ಲಿ ವಾಸಿಸುವವರಿಗೆ ಕೆಮ್ಮು, ಉಬ್ಬಸ, ಉಸಿರಾಟದ ಸೋಂಕು ಹೆಚ್ಚೆಂದು ವಿಶ್ವ ಆರೋಗ್ಯ ಸಂಸ್ಥೆಯು ೨೦೦೯ರಲ್ಲಿ ಪ್ರಕಟಿಸಿದ ಮಾರ್ಗದರ್ಶಿಯಲ್ಲಿ ಹೇಳಿದೆ. ಮೊದಲೇ ದಮ್ಮು ಇದ್ದವರಿಗೆ ಅದು ಕೆರಳುತ್ತದೆ. ಕೂಸುಗಳು, ಮುದುಕರು, ದೀರ್ಘ ರೋಗದಿಂದ ಬಳಲಿದವರು ಹೆಚ್ಚು ಎಚ್ಚರದಿಂದಿರಬೇಕು. ಬೂಷ್ಟು ಹಿಡಿದ ಮೇವನ್ನು ಕೊಡವುವಾಗ ಏಳುವ ಧೂಳನ್ನು ಮೇಲಿಂದ ಮೇಲೆ ಉಸಿರಾಡಿದ ಒಕ್ಕಲಿಗರಿಗೆ ಪುಪ್ಪುಸದ ಬೇನೆ ಬರುವದುಂಟು. ಬೂಷ್ಟು ಹಿಡಿದ ಶೇಂಗಾ ಕೂಡ ಅಪಾಯಕರ. ೧೯೬೦ರಲ್ಲಿ ಇಂಗ್ಲಂಡದಲ್ಲಿ ಇಂಥ ಶೇಂಗಾ ಹಿಂಡಿಯನ್ನು ತಿಂದು ಒಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಸತ್ತವು. ಆ ವಿಷಕ್ಕೆ ಅಫ್ಲಾಟಾಕ್ಸಿನ್ ಎಂದು ಹೆಸರಾಯಿತು.

ಇಲ್ಲಿ ಒಂದು ತಪ್ಪು ತಿಳುವಳಿಕೆಯನ್ನು ದೂರಮಾಡುವದು ಅವಶ್ಯ. ೨೦೨೧ರಲ್ಲಿ ಕೋವಿಡ್ ರೋಗದ ಬೆನ್ನಿಗೆ 'ಕಪ್ಪು ಶಿಲೀಂಧ್ರ' ಎಂಬ ಬೇನೆ ಬಂದು, ಹುಬ್ಬಳ್ಳಿಯ ಕಿಮ್ಸ್ ಆಸ್ಪತ್ರೆಯಲ್ಲಿಯೂ ಅನೇಕರಿಗೆ ಚಿಕಿತ್ಸೆ ನಡೆಯಿತು. ಗೋಡೆಯ ಕರಿ ಕಲೆಯೇ ಆ ರೋಗವೆಂದು ಅಂಜಬಾರದು. ಆ ಬೇನೆಯನ್ನು ತರುವ ಶಿಲೀಂಧ್ರಗಳ ಗುಂಪೇ ಬೇರೆ. ಹತೋಟಿ ಇಲ್ಲದ ಸಕ್ಕರೆ ರೋಗ ಮತ್ತು ಸ್ಟಿರಾಯ್ಡ್ ಔಷಧಿಯ ಬಳಕೆಯಿಂದ ದೇಹದ ರೋಗನಿರೋಧಕ ಶಕ್ತಿ ಕುಗ್ಗಿದವರಿಗೇ ಅದು ಬಹುಮಟ್ಟಿಗೆ ತಗಲಿತು. ಬೂಷ್ಟಿನ ಬಣ್ಣ ನೋಡಿ ಅದರ ವಿಷವನ್ನು ಅಳೆಯಲು ಬರುವದಿಲ್ಲ. ಕರಿಯದಿರಲಿ, ಹಸಿರಿರಲಿ, ಬಿಳಿಯದಿರಲಿ, ಮನೆಯಲ್ಲಿ ಬೆಳೆಯುವ ಬೂಷ್ಟನ್ನು ತೆಗೆದುಹಾಕತಕ್ಕದ್ದು.

ತೇವ ಬರುವ ದಾರಿಗಳು

ನಮ್ಮ ಮನೆಗಳಿಗೆ ತೇವ ಬರುವ ದಾರಿಗಳು ನಾಲ್ಕು. ಮೊದಲನೆಯದು ಮೇಲಿನಿಂದ: ಮಾಳಿಗೆಯ ಸೋರಿಕೆ, ಕಾಂಕ್ರೀಟ ಚಾವಣಿಯ ಬಿರುಕು, ನೀರು ನಿಲ್ಲುವ ತಾರಸಿ. ಎರಡನೆಯದು ಕೆಳಗಿನಿಂದ: ಎರಿ ಮಣ್ಣು ನೀರನ್ನು ಬಹಳ ದಿನ ಹಿಡಿದಿಡುತ್ತದೆ, ತಳಪಾಯದಲ್ಲಿ ತೇವ ತಡೆಯುವ ಪದರು ಇಲ್ಲದಿದ್ದರೆ ಗೋಡೆ ಅದನ್ನು ದೀಪದ ಬತ್ತಿ ಎಣ್ಣೆಯನ್ನು ಎಳೆದಂತೆ ಮೇಲಕ್ಕೆ ಎಳೆಯುತ್ತದೆ. ಮೂರನೆಯದು ಮಗ್ಗುಲಿನಿಂದ: ಬಚ್ಚಲದ ಗೋಡೆ, ಒಡೆದ ನಳ, ಗೋಡೆಗೆ ಹತ್ತಿ ನಿಂತ ಗಟಾರದ ನೀರು. ನಾಲ್ಕನೆಯದು ಒಳಗಿನಿಂದ: ಅಡಿಗೆಯ ಹಬೆ, ಕೋಣೆಯಲ್ಲಿ ಹರವಿದ ಹಸಿ ಅರಿವೆ, ಕಿಟಕಿಯಿಲ್ಲದ ಕೋಣೆಯಲ್ಲಿ ಐದಾರು ಜನರ ಉಸಿರು.

ಮಣ್ಣಿನ ಗೋಡೆಗೆ ಸಿಮೆಂಟ ಗಿಲಾವು ಮಾಡಿಸಿದವರು ಒಂದು ಮಾತನ್ನು ತಿಳಿದಿರಬೇಕು. ಮಣ್ಣಿನ ಗೋಡೆ ತೇವವನ್ನು ಕುಡಿದು ತಾನೇ ಹೊರಗೆ ಬಿಡುತ್ತದೆ. ಮೇಲೆ ಸಿಮೆಂಟ ಹತ್ತಿದರೆ ಆ ದಾರಿ ಮುಚ್ಚುತ್ತದೆ. ತೇವ ಒಳಗೇ ಉಳಿದು ಗಿಲಾವು ಉಬ್ಬಿ ಉದುರುತ್ತದೆ, ಅದರ ಸಂದಿಯಲ್ಲಿ ಬೂಷ್ಟು ಬೆಳೆಯುತ್ತದೆ. ೨೦೧೯ರ ಅಗಸ್ಟದ ಅತಿವೃಷ್ಟಿಯಲ್ಲಿ ಧಾರವಾಡ ಜಿಲ್ಲೆಯ ಅನೇಕ ಮನೆಗಳು ಬಿದ್ದುದನ್ನು ಯಾರೂ ಮರೆತಿಲ್ಲ. ಗೋಡೆಯೊಳಗಿನ ತೇವ ಆರೋಗ್ಯವನ್ನಷ್ಟೇ ಅಲ್ಲ, ಮಣ್ಣಿನ ಗೋಡೆಯ ಬಲವನ್ನೂ ಕೆಡಿಸುತ್ತದೆ.

ಪರೀಕ್ಷಕನು ಮಾಡುವ ಕೆಲಸ

ಬಲ್ಲ ಪರೀಕ್ಷಕನು ಮೊದಲು ಯಂತ್ರವನ್ನು ತೆಗೆಯುವದಿಲ್ಲ. ಮನೆಯವರನ್ನು ಕೇಳುತ್ತಾನೆ: ಯಾವಾಗ ಸೋರಿತು? ವಾಸನೆ ಯಾವ ಕೋಣೆಯಲ್ಲಿ ಹೆಚ್ಚು? ಯಾರಿಗೆ ಕೆಮ್ಮು, ಊರು ಬಿಟ್ಟು ಹೋದಾಗ ಅದು ಕಡಿಮೆಯಾಗುವದೋ? ಆಮೇಲೆ ಮಾಳಿಗೆ ಹತ್ತಿ, ಬಚ್ಚಲು ನೋಡಿ, ಕಪಾಟಿನ ಹಿಂದೆ ದೀಪ ಹಿಡಿಯುತ್ತಾನೆ.

ನಂತರ ತೇವಮಾಪಕದ ಎರಡು ಮೊಳೆಗಳನ್ನು ಗೋಡೆಗೆ ಒತ್ತುತ್ತಾನೆ. ಹಸಿ ಗೋಡೆಯಲ್ಲಿ ವಿದ್ಯುತ್ತು ಸುಲಭವಾಗಿ ಹರಿಯುವದರಿಂದ ಮುಳ್ಳು ಮೇಲೇರುತ್ತದೆ. ಗೋಡೆಯಲ್ಲಿ ಉಪ್ಪು ಇದ್ದರೂ ಮುಳ್ಳು ಏರುತ್ತದೆಂಬುದನ್ನು ಅವನು ಬಲ್ಲವನಾಗಿರಬೇಕು. ಶಾಖವನ್ನು ಕಾಣುವ ಕ್ಯಾಮರಾ ಇದ್ದರೆ, ಆರುತ್ತಿರುವ ಹಸಿ ಜಾಗ ಸುತ್ತಲಿಗಿಂತ ತಂಪಾಗಿ ಕಾಣುತ್ತದೆ. ಇವುಗಳಿಂದ ಗೋಡೆಯನ್ನು ಒಡೆಯದೆ ಸೋರಿಕೆಯ ಮೂಲವನ್ನು ಹುಡುಕಬಹುದು. ಇಡೀ ಪರೀಕ್ಷೆಯಲ್ಲಿ ಬೆಲೆಯುಳ್ಳ ಭಾಗ ಇದೇ.

ಗಾಳಿಯ ಪರೀಕ್ಷೆ ಹೇಗೆ?

ಸಣ್ಣ ಪಂಪಿನಿಂದ ಕೋಣೆಯ ಗಾಳಿಯನ್ನು ಒಂದು ಡಬ್ಬಿಯೊಳಗೆ ಎಳೆಯುತ್ತಾರೆ. ಡಬ್ಬಿಯಲ್ಲಿ ಅಂಟು ಹಚ್ಚಿದ ಗಾಜಿರುತ್ತದೆ; ಬೀಜಕಣಗಳು ಅದಕ್ಕೆ ಹತ್ತುತ್ತವೆ. ಸಾಮಾನ್ಯವಾಗಿ ಮಿನಿಟಿಗೆ ೧೫ ಲೀಟರಿನಂತೆ ೫ ಮಿನಿಟು ಎಳೆದರೆ ೭೫ ಲೀಟರ ಗಾಳಿಯಾಯಿತು. ಪ್ರಯೋಗಶಾಲೆಯಲ್ಲಿ ಸೂಕ್ಷ್ಮದರ್ಶಕದಿಂದ ಕಣಗಳನ್ನು ಎಣಿಸಿ, ಒಂದು ಘನ ಮೀಟರಿಗೆ, ಅಂದರೆ ೧,೦೦೦ ಲೀಟರಿಗೆ, ಎಷ್ಟೆಂದು ಲೆಕ್ಕ ಹಾಕುತ್ತಾರೆ. ಹೀಗಾಗಿ ಕಂಡ ಒಂದೊಂದು ಕಣವೂ ವರದಿಯಲ್ಲಿ ಸುಮಾರು ೧೩ ಆಗುತ್ತದೆ. ೪೦ ಕಣಗಳು ಕಂಡರೆ ವರದಿಯಲ್ಲಿ ೫೩೩ ಎಂದು ಬರುವದು. ದೊಡ್ಡ ಅಂಕಿ ನೋಡಿ ಗಾಬರಿಯಾಗಬಾರದು.

ಒಳಗಿನ ಗಾಳಿಯಷ್ಟೇ ಸಾಲದು. ಅದೇ ದಿನ ಹೊರಗಿನ ಗಾಳಿಯನ್ನೂ ಹಿಡಿಯಬೇಕು. ಹೊರಗೆ ೮೦೦, ಒಳಗೆ ೫೩೩, ಜಾತಿಗಳೂ ಒಂದೇ ಎಂದಿಟ್ಟುಕೊಳ್ಳೋಣ. ಆಗ ಒಳಗಿನವು ಹೊರಗಿನಿಂದ ಬಂದವೆಂದು ಊಹಿಸಬಹುದು. ಹೊರಗೆ ಕ್ಲಾಡೋಸ್ಪೋರಿಯಂ ಹೆಚ್ಚಿದ್ದು ಒಳಗೆ ಆಸ್ಪರ್ಜಿಲಸ್, ಪೆನಿಸಿಲಿಯಂ ಬಗೆಯವೇ ತುಂಬಿದ್ದರೆ, ಒಟ್ಟು ಅಂಕಿ ಕಡಿಮೆಯಿದ್ದರೂ ಮನೆಯೊಳಗೆ ಎಲ್ಲಿಯೋ ಬೂಷ್ಟು ಬೆಳೆಯುತ್ತಿದೆಯೆಂದು ತಿಳಿಯಬೇಕು.

ಈ ಪರೀಕ್ಷೆಗೆ ಮಿತಿಗಳಿವೆ. ಕಸ ಗುಡಿಸಿದ ಮೇಲೆ ಹಿಡಿದ ಗಾಳಿಗೂ ಬೆಳಗಿನ ಶಾಂತ ಗಾಳಿಗೂ ಅಜಗಜಾಂತರ. ಐದು ಮಿನಿಟಿನ ಗಾಳಿ ಇಡೀ ವರ್ಷದ ಕಥೆಯನ್ನು ಹೇಳಲಾರದು. ಇಷ್ಟು ಕಣಗಳ ಕೆಳಗೆ ಕ್ಷೇಮ, ಮೇಲೆ ಅಪಾಯ ಎಂಬ ಗೆರೆಯನ್ನು ವಿಶ್ವ ಆರೋಗ್ಯ ಸಂಸ್ಥೆಯ ಆ ಮಾರ್ಗದರ್ಶಿಯೂ ಹಾಕಿಲ್ಲ. ತೇವವನ್ನೂ ಬೂಷ್ಟನ್ನೂ ತಡೆಯಿರಿ ಎಂದಷ್ಟೇ ಹೇಳಿದೆ. ಗಾಳಿಯ ವರದಿ ಮಗುವಿನ ರೋಗವನ್ನೂ ಹೇಳುವದಿಲ್ಲ. ಅದನ್ನು ವೈದ್ಯರೇ ಹೇಳಬೇಕು.

ಯಾವಾಗ ಬೇಕು, ಯಾವಾಗ ಬೇಡ?

ಗೋಡೆಯ ಮೇಲೆ ಬೂಷ್ಟು ಕಣ್ಣಿಗೆ ಕಾಣುತ್ತಿದ್ದರೆ ಗಾಳಿಯ ಪರೀಕ್ಷೆ ಸಾಮಾನ್ಯವಾಗಿ ಬೇಡ. ಕಂಡ ಕಳ್ಳನನ್ನು ಹಿಡಿಯಲು ಪಂಚಾಂಗ ಏಕೆ? ಆ ಹಣವನ್ನು ಸೋರಿಕೆ ಮುಚ್ಚಲು ಬಳಸಿರಿ. ಮುಗ್ಗು ವಾಸನೆ ಇದ್ದು ಬೂಷ್ಟು ಎಲ್ಲಿಯೂ ಕಾಣದಿದ್ದರೆ, ಎಷ್ಟು ದುರಸ್ತಿ ಮಾಡಿದರೂ ತೇವ ಮರಳಿ ಬರುತ್ತಿದ್ದರೆ, ಶಾಲೆ, ಅಂಗನವಾಡಿಯಂಥ ಹತ್ತು ಮಕ್ಕಳು ಕೂಡ್ರುವ ಕಟ್ಟಡವಾಗಿದ್ದರೆ ಬಲ್ಲವರನ್ನು ಕರೆಯಿಸುವದು ಯೋಗ್ಯ. ಪರೀಕ್ಷೆಯನ್ನೂ ಮಾಡಿ, ದುರಸ್ತಿಯ ಗುತ್ತಿಗೆಯನ್ನೂ ತಾನೇ ಕೇಳುವವನ ಮಾತನ್ನು ಎರಡು ಸಲ ಯೋಚಿಸಿರಿ. ಹೊರಗಿನ ಗಾಳಿಯನ್ನು ಹಿಡಿಯದೆ ವರದಿ ಕೊಡುವವನಿಗೆ ಹಣ ಕೊಡಬೇಡಿರಿ. ಪ್ರಯೋಗಶಾಲೆಗೆ ಎನ್.ಎ.ಬಿ.ಎಲ್. ಮಾನ್ಯತೆ ಇದೆಯೇ ಎಂದು ಕೇಳಿರಿ.

ಖರ್ಚಿಲ್ಲದ ಮೂರು ಪರೀಕ್ಷೆಗಳು

೧. ಬಿಳಿ ಪೊರೆಯ ಮೇಲೆ ಒಂದು ಹನಿ ನೀರು ಹಾಕಿರಿ. ಕರಗಿದರೆ ಅದು ಗೋಡೆ ಬಿಟ್ಟ ಉಪ್ಪು. ಕರಗದೆ ಉಳಿದರೆ ಬೂಷ್ಟು ಇರಬಹುದು. ಉಪ್ಪಾದರೂ ತೇವ ಇದೆಯೆಂಬುದಕ್ಕೆ ಸಾಕ್ಷಿಯೇ.

೨. ಒಂದೂವರೆ ಅಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ಗೋಡೆಗೆ ನಾಲ್ಕೂ ಅಂಚು ಮುಚ್ಚುವಂತೆ ಅಂಟಿಸಿ ಎರಡು ದಿನ ಬಿಡಿರಿ. ಹಾಳೆಯ ಹಿಂದೆ ನೀರು ಕಟ್ಟಿದರೆ ತೇವ ಗೋಡೆಯೊಳಗಿನದು. ಕೋಣೆಯ ಕಡೆಗೆ ಕಟ್ಟಿದರೆ ಅದು ಕೋಣೆಯ ಹಬೆ.

೩. ಗಾಳಿಯ ಆರ್ದ್ರತೆಯನ್ನು ತೋರಿಸುವ ಸಣ್ಣ ಮಾಪಕವನ್ನು ಕೋಣೆಯಲ್ಲಿಡಿರಿ. ಅದಕ್ಕೆ ಬಹಳ ಬೆಲೆಯಿಲ್ಲ. ಶೇಕಡಾ ೬೦ಕ್ಕಿಂತ ಕೆಳಗಿದ್ದರೆ ಒಳ್ಳೆಯದು. ಮಳೆ ಹಿಡಿದಾಗ ಹೊರಗಿನ ಗಾಳಿಯೇ ಹಸಿಯಾಗಿರುವದರಿಂದ ಅಷ್ಟು ಇಳಿಸುವದು ಆಗಲಿಕ್ಕಿಲ್ಲ; ಆದರೆ ಯಾವ ಕೋಣೆ ಎಲ್ಲಕ್ಕೂ ಹೆಚ್ಚು ಹಸಿ ಎಂಬುದು ತಿಳಿಯುತ್ತದೆ.

ತೆಗೆಯುವ ಕ್ರಮ

ಮೊದಲು ತೇವದ ಮೂಲವನ್ನು ನಿಲ್ಲಿಸಬೇಕು. ಮಾಳಿಗೆಯ ನೀರು ಹರಿದುಹೋಗಲು ಇಳಿಜಾರು ಮಾಡಿರಿ. ಗೋಡೆಯ ಬುಡದ ಮಣ್ಣನ್ನು ಹೊರಕ್ಕೆ ಇಳಿಯುವಂತೆ ತಿದ್ದಿ ಗಟಾರು ತೆಗೆಯಿರಿ. ತೊಯ್ದ ವಸ್ತುವನ್ನು ಒಂದೆರಡು ದಿನದೊಳಗೆ ಒಣಗಿಸಿದರೆ ಬೂಷ್ಟು ಹತ್ತುವದು ಅಪರೂಪ.

ಮೂರಡಿ ಉದ್ದ, ಮೂರಡಿ ಅಗಲದಷ್ಟು ಬೂಷ್ಟನ್ನು ಮನೆಯವರೇ ತೆಗೆಯಬಹುದು. ಮೂಗು ಬಾಯಿಗೆ ಒಳ್ಳೆಯ ಮಾಸ್ಕ, ಕೈಗೆ ಚೀಲ ಹಾಕಿ, ಕಿಟಕಿ ತೆರೆದು, ಸಾಬೂನಿನ ನೀರಿನಲ್ಲಿ ತಿಕ್ಕಿ ತೊಳೆದು ಒಣಗಿಸಿರಿ. ಒಣ ಬ್ರಶಿನಿಂದ ಉಜ್ಜಿದರೆ ಬೀಜಕಣಗಳು ಮನೆಯೆಲ್ಲ ಹಾರುತ್ತವೆ. ಬ್ಲೀಚಿನ ನೀರನ್ನು ಪಾಯಖಾನೆ ತೊಳೆಯುವ ಆಸಿಡ್ಡಿನೊಡನೆ ಎಂದೂ ಕೂಡಿಸಬೇಡಿರಿ; ವಿಷದ ಗಾಳಿ ಏಳುತ್ತದೆ. ದಮ್ಮು ಇದ್ದವರಿಗೆ ಈ ಕೆಲಸ ಬೇಡ. ಬೂಷ್ಟಿನ ಮೇಲೆಯೇ ಬಣ್ಣ ಹಚ್ಚುವದು ಹುಣ್ಣಿನ ಮೇಲೆ ಶಾಲು ಹೊದಿಸಿದಂತೆ. ಗೋಡೆ ಒಣಗಿದ ಮೇಲೆ ಸುಣ್ಣ ಹಚ್ಚಿರಿ; ಸುಣ್ಣದ ಕ್ಷಾರದಲ್ಲಿ ಬೂಷ್ಟು ಬೇಗ ಬೇರೂರದು. ಬೂಷ್ಟು ಒಳಹೊಕ್ಕ ಗಾದಿ, ದಿಂಬುಗಳನ್ನು ಬಿಸಿಲಿಗೆ ಹಾಕಿದರೂ ವಾಸನೆ ಹೋಗದಿದ್ದರೆ ಅವುಗಳ ಆಸೆ ಬಿಡುವದೇ ಲೇಸು.

ಮಂಚವನ್ನೂ ಕಪಾಟನ್ನೂ ಗೋಡೆಯಿಂದ ಒಂದು ಗೇಣು ಸರಿಸಿಡಿರಿ. ಅಡಿಗೆಯ ಹಬೆ ಹೋಗಲು ಬೆಳಕಿಂಡಿಯನ್ನು ತೆರೆದಿಡಿರಿ. ಮಳೆ ಬಿಟ್ಟು ಬಿಸಿಲು ಬಿದ್ದ ಹೊತ್ತಿನಲ್ಲಿ ಎಲ್ಲ ಕಿಟಕಿಗಳನ್ನೂ ತೆಗೆಯಿರಿ. ಹಸಿ ಅರಿವೆಗಳನ್ನು ಮಲಗುವ ಕೋಣೆಯಲ್ಲಿ ಹರವಬೇಡಿರಿ.

ರಾತ್ರಿ ಕೆಮ್ಮುವ ಆ ಮಗುವನ್ನು ಮೊದಲು ವೈದ್ಯರಿಗೆ ತೋರಿಸಿರಿ. ಇಂದು ರಾತ್ರಿಯಿಂದಲೇ ಅದರ ಹಾಸಿಗೆಯನ್ನು ಒಣ ಕೋಣೆಗೆ ಒಯ್ಯಿರಿ. ಇದಕ್ಕೆ ಯಾವ ಯಂತ್ರವೂ ಬೇಡ. ನಾಳೆ ಮುಂಜಾನೆ ಮಾಳಿಗೆ ಹತ್ತಿ ನೀರು ಎಲ್ಲಿ ನಿಂತಿದೆಯೆಂದು ನೋಡಿರಿ. ನಿಮ್ಮ ಕಣ್ಣು, ಮೂಗುಗಳ ಪರೀಕ್ಷೆ ಮುಗಿದ ಮೇಲೂ ತೇವದ ಮೂಲ ಸಿಗದಿದ್ದರೆ ಆಗ ಯಂತ್ರದವರನ್ನು ಕರೆಯಿಸಿರಿ. ಮನೆ ಒಣಗಿದ್ದರೆ ಅರಿವೆ ಉಳಿದೀತು, ಕಾಳು ಉಳಿದೀತು, ಮನೆಮಂದಿಯ ಉಸಿರೂ ಹಗುರಾದೀತು.