ಹೊಗೆ ಕಣ್ಣಿಗೆ ಕಾಣದಿದ್ದರೆ ಗಾಳಿ ಶುದ್ಧವೇ?

"ಹೊಗೆ ಹೋಯ್ತು, ಇನ್ನೇನೂ ತೊಂದರೆ ಇಲ್ಲ." ಲಾರಿ ಮುಂದೆ ಹೋದ ಮೇಲೆ, ಕಸಕ್ಕೆ ಹಚ್ಚಿದ ಬೆಂಕಿ ಆರಿದ ಮೇಲೆ ನಾವೆಲ್ಲ ಹೀಗೇ ಅಂದುಕೊಳ್ಳುತ್ತೇವೆ. ಇದು ನಿಜವೇ? ನೋಡೋಣ.

ಆವಿಶೀಲತೆ ಎಂದರೇನು?

ಅಂಗೈಗೆ ಬಿದ್ದ ಪೆಟ್ರೋಲ್ ಕ್ಷಣದಲ್ಲಿ ಆರಿಹೋಗುತ್ತದೆ. ಕೊಬ್ಬರಿ ಎಣ್ಣೆ ಹಾಗೇ ಉಳಿಯುತ್ತದೆ. ಸುಲಭವಾಗಿ ಆವಿಯಾಗುವ ಈ ಗುಣವೇ ಆವಿಶೀಲತೆ. ಹೊಗೆಯ ಕಣಗಳಲ್ಲಿ ಸಾವಿರಾರು ಬಗೆಯ ಇಂಗಾಲದ ಸಂಯುಕ್ತಗಳು ಬೆರೆತಿರುತ್ತವೆ. ಕೆಲವು ಬೇಗ ಆವಿಯಾಗುತ್ತವೆ, ಕೆಲವು ಕಣದಲ್ಲೇ ಉಳಿಯುತ್ತವೆ. 2.5 ಮೈಕ್ರೋಮೀಟರ್‌ಗಿಂತ ಸಣ್ಣ ಕಣಗಳು ಶ್ವಾಸಕೋಶದ ಆಳಕ್ಕೆ ಇಳಿಯಬಲ್ಲವು. ಹಾಗಾಗಿ ಯಾವುದು ಕಣವಾಗಿ ಉಳಿಯುತ್ತದೆ ಎಂದು ತಿಳಿಯುವುದು ನಮ್ಮ ಆರೋಗ್ಯದ ಪ್ರಶ್ನೆಯೂ ಹೌದು.

ಅಳೆಯುವುದು ಹೇಗೆ?

ಇದಕ್ಕೆ ಥರ್ಮೋಡಿನ್ಯೂಡರ್ ಎಂಬ ಉಪಕರಣವಿದೆ. ಹೊರಗಿನ ಗಾಳಿಯನ್ನು ಬಿಸಿ ಕೊಳವೆಯೊಂದರ ಮೂಲಕ ಎಳೆಯುತ್ತಾರೆ. ಬಿಸಿಯನ್ನು ಹಂತಹಂತವಾಗಿ 200 ಡಿಗ್ರಿ ಸೆಲ್ಸಿಯಸ್ ದಾಟುವವರೆಗೂ ಏರಿಸುತ್ತಾರೆ. ಕಣದಿಂದ ಎದ್ದ ಆವಿಯನ್ನು ಮುಂದಿರುವ ಇದ್ದಿಲಿನ ಪದರ ಹೀರಿಕೊಳ್ಳುತ್ತದೆ. ಇಲ್ಲದಿದ್ದರೆ ಆ ಆವಿ ತಣ್ಣಗಾಗಿ ಮತ್ತೆ ಕಣಕ್ಕೇ ಅಂಟಿಕೊಳ್ಳುತ್ತದೆ. ಅದೇ ಗಾಳಿಯ ಇನ್ನೊಂದು ಪಾಲನ್ನು ಬಿಸಿ ಮಾಡದೆ ಅಳೆಯುತ್ತಾರೆ. ಎರಡನ್ನೂ ಹೋಲಿಸಿದರೆ ಯಾವ ಬಿಸಿಗೆ ಎಷ್ಟು ಪಾಲು ಉಳಿಯಿತು ಎಂದು ಗೊತ್ತಾಗುತ್ತದೆ.

ಈ ವಿಧಾನಕ್ಕೂ ಮಿತಿಯಿದೆ. ಗಾಳಿ ಕೊಳವೆಯಲ್ಲಿ ಇರುವುದು ಕೆಲವೇ ಸೆಕೆಂಡು. ಅಷ್ಟರಲ್ಲಿ ಎಲ್ಲವೂ ಆವಿಯಾಗದೇ ಇರಬಹುದು. ಕೆಲವು ಸಂಯುಕ್ತಗಳು ಬಿಸಿಗೆ ಒಡೆದೇ ಹೋಗಬಹುದು. ಅದಕ್ಕಾಗಿ ಬಿಸಿ ಮಾಡದೆ, ಶುದ್ಧ ಗಾಳಿ ಬೆರೆಸಿ ತೆಳುವಾಗಿಸಿ ಅಳೆಯುವ ಕ್ರಮವೂ ಇದೆ.

ಅಳೆದಾಗ ಕಂಡದ್ದೇನು?

ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ತಂಡ 2007ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಮುಖ್ಯವಾದ ಸಂಶೋಧನೆಯೊಂದನ್ನು ಪ್ರಕಟಿಸಿತು. ಡೀಸೆಲ್ ಹೊಗೆಗೆ ಗಾಳಿ ಬೆರೆಸಿ ತೆಳುವಾಗಿಸಿದಾಗ ಅದರ ಕಣಗಳಲ್ಲಿದ್ದ ಸಾವಯವ ಅಂಶದ ದೊಡ್ಡ ಪಾಲು ಆವಿಯಾಯಿತು. ಅಲ್ಲಿಗೆ ಕಥೆ ಮುಗಿಯಲಿಲ್ಲ. ಅತಿನೇರಳೆ ಬೆಳಕು ಬಿದ್ದಾಗ ಹೊಗೆಯಲ್ಲಿದ್ದ ಆವಿಗಳು ರಾಸಾಯನಿಕವಾಗಿ ಬದಲಾಗಿ ಮತ್ತೆ ಕಣದ ರೂಪಕ್ಕೆ ಬಂದವು. 2006ರಲ್ಲಿ ಮೆಕ್ಸಿಕೋ ನಗರದ ಗಾಳಿಯಲ್ಲಿ ನಡೆದ ಅಳತೆಗಳೂ ಒಂದು ವಿಷಯ ತೋರಿಸಿದವು: ಗಾಳಿಯಲ್ಲಿದ್ದು ಹಳತಾದ ಕಣಗಳು ಸುಲಭವಾಗಿ ಆವಿಯಾಗುವುದಿಲ್ಲ.

ಹಾಗಾದರೆ ಸತ್ಯವೇನು?

ಹೊಗೆ ಕಾಣದಾಯಿತು ಎಂದರೆ ಅದು ಹರಡಿ ತೆಳುವಾಯಿತು ಎಂದಷ್ಟೇ ಅರ್ಥ. ಅದರ ಒಂದು ಪಾಲು ಆವಿಯಾಗಿ, ಗಾಳಿಯ ಜೊತೆ ಸಾಗಿ, ಬಿಸಿಲಿನಲ್ಲಿ ಮತ್ತೆ ಕಣವಾಗಬಹುದು. ನಮ್ಮಲ್ಲಿ ಡೀಸೆಲ್ ಗಾಡಿಗಳ ಎಮಿಷನ್ ಟೆಸ್ಟ್‌ನಲ್ಲಿ ನೋಡುವುದು ಹೊಗೆಯ ದಟ್ಟಣೆಯನ್ನು. ಆ ಟೆಸ್ಟ್ ಬೇಕೇ ಬೇಕು, ಆದರೆ ಆವಿಯ ಲೆಕ್ಕ ಅದರಲ್ಲಿ ಸಿಗುವುದಿಲ್ಲ.

ಆದ್ದರಿಂದ ಕಸ, ಪ್ಲಾಸ್ಟಿಕ್ ಸುಡಬೇಡಿ. ಗಾಳಿ ಹೇಗಿದೆ ಎಂದು ಕಣ್ಣಳತೆಯಲ್ಲಿ ತೀರ್ಮಾನಿಸದೆ ಪಿಎಂ 2.5 ಎಷ್ಟಿದೆ ಎಂದು ನೋಡಿ. "ಹೊಗೆ ಕಾಣದಿದ್ದರೆ ಅಪಾಯವಿಲ್ಲ" ಎಂಬ ಫಾರ್ವರ್ಡ್ ನಿಮ್ಮ ಗ್ರೂಪಿಗೆ ಬಂದರೆ ಅದನ್ನು ಅಲ್ಲೇ ನಿಲ್ಲಿಸಿ.