ಕಾಣದ ಬೆಳಕಿನ ಚಿತ್ರ

ನಡುಹಗಲಿನಲ್ಲಿ ತೆಗೆದ ಕಪ್ಪು-ಬಿಳುಪಿನ ಛಾಯಾಚಿತ್ರ. ಆಕಾಶವು ಕಾಡಿಗೆಯಂತೆ ಕಪ್ಪಾಗಿದೆ. ಮರದ ಎಲೆಗಳೋ ಹಿಮ ಕವಿದಂತೆ ಬೆಳ್ಳಗಿವೆ. ನೋಡಿದವರು ಇದನ್ನು ಬೆಳದಿಂಗಳ ರಾತ್ರಿಯೆಂದು ಭ್ರಮಿಸುವುದುಂಟು. ಇದರಲ್ಲಿ ಕೈಚಳಕವೇನೂ ಇಲ್ಲ. ನಮ್ಮ ಕಣ್ಣಿಗೆ ಕಾಣದ ಬೆಳಕೊಂದು ಬರೆದ ಚಿತ್ರವಿದು.

ಆ ಬೆಳಕಿನ ಸುಳಿವು ಮೊದಲು ದೊರೆತುದು ಖಗೋಳವಿಜ್ಞಾನಿ ವಿಲಿಯಂ ಹರ್ಷೆಲನಿಗೆ. 1800ರಲ್ಲಿ ಅವನು ಬಿಸಿಲನ್ನು ಗಾಜಿನ ಪಟ್ಟಕದ ಮೂಲಕ ಹಾಯಿಸಿ, ಬಿಡಿಬಿಡಿಯಾದ ಬಣ್ಣಗಳಲ್ಲಿ ಉಷ್ಣಮಾಪಕಗಳನ್ನಿರಿಸಿ ಅಳೆಯುತ್ತಿದ್ದನು. ಕೆಂಪಿನ ಅಂಚಿನಾಚೆ, ಏನೂ ಕಾಣದ ಎಡೆಯಲ್ಲಿಯೂ ಉಷ್ಣತೆಯು ಏರಿತು. ಅಲ್ಲಿ ಬಿದ್ದವೇ ಅವಕೆಂಪು ಕಿರಣಗಳು. ಈ ಕಿರಣಗಳಿಂದ ಭೂದೃಶ್ಯಗಳನ್ನು ಚಿತ್ರಿಸಿ 1910ರಲ್ಲಿ ಪ್ರಕಟಿಸಿದವನು ಅಮೆರಿಕದ ಭೌತವಿಜ್ಞಾನಿ ರಾಬರ್ಟ್ ವುಡ್. ಎಲೆಗಳು ಹೀಗೆ ಬೆಳ್ಳಗೆ ಹೊಳೆಯುವುದನ್ನು ಇಂದಿಗೂ 'ವುಡ್ ಪರಿಣಾಮ'ವೆಂದೇ ಕರೆಯುತ್ತಾರೆ.

ಎಲೆಯ ಹಸಿರಿಗೆ ಕಾರಣವಾದ ಪತ್ರಹರಿತ್ತು ಕೆಂಪು ಮತ್ತು ನೀಲಿ ಬೆಳಕನ್ನು ಹೀರಿಕೊಳ್ಳುತ್ತದೆ. ಅವಕೆಂಪು ಕಿರಣಗಳಿಗಾದರೋ ಅದು ತೆರೆದ ಬಾಗಿಲು. ಕಿರಣಗಳು ಅದನ್ನು ದಾಟಿ, ಎಲೆಯೊಳಗಿನ ಜೀವಕೋಶಗಳಿಗೂ ಅವುಗಳ ನಡುವಣ ಗಾಳಿಯ ಎಡೆಗಳಿಗೂ ತಾಗಿ ಚೆದುರುತ್ತವೆ. ಅವುಗಳಲ್ಲಿ ಹೆಚ್ಚಿನ ಪಾಲು ಹೊರಕ್ಕೆ ಮರಳುತ್ತದೆ. ಆದುದರಿಂದ ಬಿಳುಪು ಬಂದುದು ಎಲೆಯ ಬಣ್ಣದಿಂದಲ್ಲ, ಅದರ ಒಳರಚನೆಯಿಂದ. ಆಕಾಶದ ಮಾತು ಬೇರೆ. ವಾಯುಮಂಡಲವು ನೀಲಿಯನ್ನು ಚೆದುರಿಸುವಂತೆ ಉದ್ದನೆಯ ತರಂಗಗಳನ್ನು ಚೆದುರಿಸಲಾರದು. ಹಾಗಾಗಿ ಅಲ್ಲಿ ಕತ್ತಲೆ.

ಹಾಗಾದರೆ ಮಸೂರದ ಮುಂದೆ ಕೆಂಪು ಗಾಜಿನ ಫಿಲ್ಟರ್ ಹಾಕಿದರೆ ಸಾಕೇ? ಸಾಲದು. ಅನೇಕರು ಎಡವುವುದು ಇಲ್ಲಿಯೇ. ಜರಡಿಯು ಇರುವ ಹಿಟ್ಟನ್ನು ಸೋಸಬಲ್ಲುದೇ ಹೊರತು ಇಲ್ಲದ ಹಿಟ್ಟನ್ನು ಕೊಡಲಾರದು. ಫಿಲ್ಟರ್ ಸಹ ಬೇಡದ ಬೆಳಕನ್ನು ತಡೆಯುತ್ತದೆ, ಅಷ್ಟೆ. ಉಳಿದುದನ್ನು ಗ್ರಹಿಸುವ ಶಕ್ತಿ ಫಿಲಂಗೇ ಇರಬೇಕು. ಸಾಮಾನ್ಯ ಕಪ್ಪು-ಬಿಳುಪು ಫಿಲಂನ ದೃಷ್ಟಿ ಕೆಂಪಿನಲ್ಲಿಯೇ ಮುಗಿಯುತ್ತದೆ. ಅದಕ್ಕೆ ಕೆಂಪು ಫಿಲ್ಟರ್ ಹಾಕಿದರೆ ಆಕಾಶವೇನೋ ಕಪ್ಪಾಗುವುದು. ಎಲೆಗಳೂ ಕಪ್ಪಾಗಿಯೇ ಉಳಿಯುವುವು. ಇಲ್‌ಫೋರ್ಡ್ ಎಸ್‌ಎಫ್‌ಎಕ್ಸ್ 200 ಎಂಬ ಫಿಲಂನ ದೃಷ್ಟಿ ಸುಮಾರು 740 ನ್ಯಾನೊಮೀಟರ್ ತರಂಗದೂರದವರೆಗೆ ಚಾಚುತ್ತದೆ. ಅದರೊಡನೆ, ಸುಮಾರು 720ಕ್ಕಿಂತ ಕೆಳಗಿನ ಬೆಳಕನ್ನು ತಡೆಯುವ ಕಡುಗೆಂಪು ಫಿಲ್ಟರ್ ಬಳಸಿದರೆ, ನಡುವಣ ಇಕ್ಕಟ್ಟಾದ ಕಿಂಡಿಯಲ್ಲಿ ನುಸುಳುವ ಬೆಳಕೇ ಚಿತ್ರವಾಗುತ್ತದೆ. ಇದಕ್ಕಿಂತ ಬಹಳ ಮುಂದಕ್ಕೆ, ಸುಮಾರು 900ರವರೆಗೂ ನೋಡಬಲ್ಲ ಕೊಡಕ್ ಕಂಪನಿಯ ಅವಕೆಂಪು ಫಿಲಂ ಒಂದಿತ್ತು. ಅದರ ತಯಾರಿಕೆ 2007ರಲ್ಲಿ ನಿಂತಿತು.

ಇಂತಹ ಫಿಲ್ಟರ್ ಹಾಕಿದ ಮೇಲೆ ಮಸೂರದ ಮೂಲಕ ನೋಡಿದರೆ ಕತ್ತಲೆಯೇ ಕಾಣುವುದು. ಆದುದರಿಂದ ಕ್ಯಾಮರಾವನ್ನು ಮುಕ್ಕಾಲಿಯ ಮೇಲೆ ನಿಲ್ಲಿಸಿ, ದೃಶ್ಯವನ್ನು ಮೊದಲೇ ಗೊತ್ತುಮಾಡಿ, ಫಿಲ್ಟರನ್ನು ಕೊನೆಗೆ ತಿರುಗಿಸಿ ಕೂರಿಸಬೇಕು. ಬೆಳಕು ಬೀಳಲು ಕೊಡುವ ಕಾಲವನ್ನೂ ಹದಿನಾರು ಪಟ್ಟು, ಕೆಲವೊಮ್ಮೆ ಇನ್ನೂ ಹೆಚ್ಚಿಸಬೇಕಾಗುತ್ತದೆ. ಅಷ್ಟು ಹೊತ್ತು ಗಾಳಿ ಸುಮ್ಮನಿರದು, ಎಲೆಗಳು ಮಸುಕಾಗುವುದುಂಟು. ಒಂದೇ ದೃಶ್ಯವನ್ನು ಬೇರೆಬೇರೆ ಅವಧಿಗಳಲ್ಲಿ ಮೂರು ನಾಲ್ಕು ಸಲ ತೆಗೆಯುವುದು ಜಾಣತನ.

ಇಷ್ಟೆಲ್ಲ ಶ್ರಮ ಬರಿಯ ಸೊಗಸಿಗಾಗಿ ಅಲ್ಲ. ಎಲೆ ರೋಗದಿಂದ ಸೊರಗಿ ಅದರ ಒಳರಚನೆ ಕುಸಿದರೆ ಅವಕೆಂಪು ಹೊಳಪೂ ಕುಂದುತ್ತದೆ. 1970ರಲ್ಲಿ ಪಿ. ಆರ್. ಪಿಷಾರೋಟಿಯವರ ಮುಂದಾಳುತನದಲ್ಲಿ ಕೇರಳದ ತೆಂಗಿನ ತೋಟಗಳನ್ನು ಆಕಾಶದಿಂದ ಅವಕೆಂಪು ಫಿಲಂನಲ್ಲಿ ಸೆರೆಹಿಡಿದರು. ಆ ಫಿಲಂ ಕಪ್ಪು-ಬಿಳುಪಿನದಲ್ಲ, ಅವಕೆಂಪನ್ನು ಬೇರೆ ಬಣ್ಣವಾಗಿ ತೋರಿಸುವಂತಹದು. ತತ್ತ್ವ ಮಾತ್ರ ಇದೇ. ಬೇರು ಸೊರಗು ರೋಗ ತಗಲಿದ ಮರಗಳು ಆರೋಗ್ಯವಾದ ಮರಗಳಿಂದ ಬೇರೆಯಾಗಿ ತೋರಿದವು. ಭಾರತದಲ್ಲಿ ದೂರಸಂವೇದನೆಯ ಮೊದಲ ಪ್ರಯೋಗವೆಂದು ಅದನ್ನು ಗಣಿಸುತ್ತಾರೆ. 1988ರಲ್ಲಿ ಕಕ್ಷೆಗೇರಿದ ಐಆರ್‌ಎಸ್-1ಎ ಉಪಗ್ರಹದ ಕ್ಯಾಮರಾಗಳಲ್ಲಿಯೂ ಒಂದು ಪಟ್ಟಿಯನ್ನು ಅವಕೆಂಪು ಕಿರಣಗಳಿಗೆಂದೇ ಮೀಸಲಿಟ್ಟಿದ್ದರು.