ಹಳೇ ಮದುವೆ ವಿಡಿಯೊದಲ್ಲಿ ಬಾಚಣಿಗೆ ಗೆರೆ ಯಾಕೆ? ಎಕ್ಸ್‌ಪೋರ್ಟ್ ಒತ್ತುವ ಮುನ್ನ ಕೇಳಿ

ಇವತ್ತಿನ ಮಾತು ಒಂದು ಮದುವೆ ಕ್ಯಾಸೆಟ್‌ನಿಂದ ಶುರು.

ನಮ್ಮ ಚಿಕ್ಕಮ್ಮನ ಮದುವೆ ಆಗಿದ್ದು 2003ರಲ್ಲಿ. ಸೋದರಮಾವ ತಮ್ಮ ಹ್ಯಾಂಡಿಕ್ಯಾಮ್‌ನಲ್ಲಿ ಬೆಳಿಗ್ಗೆಯಿಂದ ಊಟದ ಪಂಕ್ತಿವರೆಗೂ ಶೂಟ್ ಮಾಡಿದ್ದರು. ಮಿನಿಡಿವಿ ಅಂತ, ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡ ಕ್ಯಾಸೆಟ್. ಅದರಲ್ಲಿ ಅಜ್ಜ ಇದ್ದಾರೆ. ಗಟ್ಟಿಮೇಳ ಶುರುವಾದ ಕೂಡಲೇ ಎರಡೂ ಕೈ ಎತ್ತಿ ಅಕ್ಷತೆ ಹಾಕ್ತಾರೆ, ಪಕ್ಕದವರ ಕಡೆ ತಿರುಗಿ ನಗ್ತಾರೆ. ಅಜ್ಜ ಓಡಾಡುವ ವಿಡಿಯೊ ಅಂತ ನಮ್ಮನೇಲಿ ಇರೋದು ಅದೊಂದೇ.

ಕಳೆದ ವರ್ಷ ಅದನ್ನು ಒಂದು ಸ್ಟುಡಿಯೊಗೆ ಕೊಟ್ಟು ಪೆನ್‌ಡ್ರೈವ್‌ಗೆ ಹಾಕಿಸಿದೆವು. ಫೋನಲ್ಲಿ ತೆರೆದು ನೋಡಿದರೆ, ಸುಮ್ಮನೆ ಕೂತವರೆಲ್ಲ ಚೆನ್ನಾಗೇ ಇದ್ದಾರೆ. ಯಾರಾದರೂ ಕೈ ಎತ್ತಿದರೆ ಸಾಕು, ಅಂಚಿನಲ್ಲೆಲ್ಲ ಬಾಚಣಿಗೆ ಹಲ್ಲಿನ ಥರ ಗೆರೆ. ಅಜ್ಜನ ಕೈ ಎಳೆ ಎಳೆಯಾಗಿ ಬಿಚ್ಚಿಕೊಂಡ ಹಾಗೆ. ‘ಕ್ಯಾಸೆಟ್ಟೇ ಹಾಳಾಗಿದೆ, ಬಿಡೋ’ ಅಂದರು ಅಮ್ಮ. ಕ್ಯಾಸೆಟ್ ಹಾಳಾಗಿರಲಿಲ್ಲ. ತಪ್ಪು ಆಗಿದ್ದು ಎಕ್ಸ್‌ಪೋರ್ಟ್‌ನಲ್ಲಿ.

ಏನಾಗುತ್ತೆ ಅಂದರೆ, ಭಾರತದಲ್ಲಿ ಆಗ ಬಳಕೆಯಲ್ಲಿದ್ದದ್ದು ಪಾಲ್ ಪದ್ಧತಿ. ಸೆಕೆಂಡಿಗೆ 25 ಫ್ರೇಮ್, ಒಂದೊಂದು ಫ್ರೇಮ್‌ನಲ್ಲಿ ಕಣ್ಣಿಗೆ ಕಾಣುವ ಗೆರೆಗಳು 576. ಆದರೆ ಕ್ಯಾಮೆರಾ ಆ 576 ಗೆರೆಯನ್ನು ಒಂದೇ ಸಲ ಹಿಡಿಯುತ್ತಿರಲಿಲ್ಲ. ಮೊದಲು ಒಂದು ಬಿಟ್ಟು ಒಂದರಂತೆ 288 ಗೆರೆ, ಸೆಕೆಂಡಿನ ಐವತ್ತನೇ ಒಂದು ಭಾಗ ಕಳೆದ ಮೇಲೆ ಉಳಿದ 288 ಗೆರೆ. ಈ ಅರ್ಧ ಚಿತ್ರಕ್ಕೆ ಫೀಲ್ಡ್ ಅಂತ ಹೆಸರು. ಹೀಗೆ ಹೆಣೆದ ವಿಡಿಯೊಗೆ ಇಂಟರ್‌ಲೇಸ್ಡ್ ಅಂತಾರೆ.

ಇಂಥ ವಿಚಿತ್ರ ಯಾಕೆ ಮಾಡಿದರು? ಪಿಕ್ಚರ್ ಟ್ಯೂಬ್ ಟೀವಿಯಲ್ಲಿ ಸೆಕೆಂಡಿಗೆ 25 ಸಲ ಮಾತ್ರ ಚಿತ್ರ ಬಂದರೆ ಪರದೆ ಮಿಣುಕುತ್ತೆ. 50 ಪೂರ್ತಿ ಚಿತ್ರ ಕಳಿಸೋಣ ಅಂದರೆ ಪ್ರಸಾರಕ್ಕೆ ಎರಡು ಪಟ್ಟು ಜಾಗ ಬೇಕು. ಅದಕ್ಕೆ 50 ಅರ್ಧ ಚಿತ್ರ. ನನ್ನ ಕೇಳಿದರೆ ಜಾಣ ಉಪಾಯ. ಟ್ಯೂಬ್ ಟೀವಿ ಕೂಡ ಬೆಸ ಗೆರೆ ಆಮೇಲೆ ಸಮ ಗೆರೆ ಅಂತಲೇ ಚಿತ್ರ ಬರೆಯುತ್ತಿದ್ದರಿಂದ ಅಪ್ಪ ಅಮ್ಮನ ಕಾಲದಲ್ಲಿ ಯಾರಿಗೂ ಬಾಚಣಿಗೆ ಕಾಣಲಿಲ್ಲ. ನಿಮ್ಮ ಫೋನ್ ಹಾಗಲ್ಲ, ಅದು ಪೂರ್ತಿ ಫ್ರೇಮನ್ನೇ ತೋರಿಸುತ್ತೆ. ಅಂದರೆ ಪ್ರೋಗ್ರೆಸಿವ್. ಬೇರೆ ಬೇರೆ ಕ್ಷಣದ ಎರಡು ಫೀಲ್ಡ್ ಒಂದೇ ಚಿತ್ರದಲ್ಲಿ ಬಂದು ಕೂತಾಗ, ಅಷ್ಟರಲ್ಲಿ ಸರಿದ ಕೈ ಎರಡು ಜಾಗದಲ್ಲಿ ಕಾಣುತ್ತೆ. ಅದೇ ಹಲ್ಲು.

ಇಲ್ಲಿ ಒಂದು ವಿಷಯ ಗಟ್ಟಿಯಾಗಿ ಹಿಡ್ಕೊಳ್ಳಿ. ಟೇಪ್‌ನಲ್ಲಿ ಇರೋದು ಸೆಕೆಂಡಿಗೆ 25 ಕ್ಷಣ ಅಲ್ಲ, 50 ಕ್ಷಣ. ಎಕ್ಸ್‌ಪೋರ್ಟ್‌ನಲ್ಲಿ ಬಹಳ ಜನ ಎಡವೋದು ಇಲ್ಲೇ.

ಸುಲಭದ ದಾರಿ ಅಂದರೆ ಒಂದು ಫೀಲ್ಡ್ ಎಸೆದು ಇನ್ನೊಂದನ್ನು ಎಳೆದು ಹಿಗ್ಗಿಸೋದು. ಹಲ್ಲು ಹೋಗುತ್ತೆ, ಜತೆಗೆ ಅರ್ಧ ಚಲನೆಯೂ ಹೋಗುತ್ತೆ, ಚಿತ್ರವೂ ಮಂದ. ಇನ್ನೊಂದು, ಎರಡೂ ಫೀಲ್ಡ್ ಬೆರೆಸೋದು. ಆಗ ಕೈಗೆ ದೆವ್ವದ ಥರ ನೆರಳು ಅಂಟಿಕೊಳ್ಳುತ್ತೆ, ಗಾಳಿಯಲ್ಲಿರೋ ಒಂದೊಂದು ಅಕ್ಷತೆ ಕಾಳೂ ಮಸುಕಾದ ಎರಡು ಕಾಳಾಗುತ್ತೆ. ಸರಿಯಾದ ದಾರಿ, ಒಂದೊಂದು ಫೀಲ್ಡ್‌ನಿಂದಲೂ ಒಂದು ಪೂರ್ತಿ ಫ್ರೇಮ್ ಕಟ್ಟಿ ಸೆಕೆಂಡಿಗೆ 50 ಫ್ರೇಮ್ ತೆಗೆಯೋದು. ಒಳ್ಳೆಯ ಫಿಲ್ಟರ್‌ಗಳು ಅಲ್ಲಾಡದ ಜಾಗದಲ್ಲಿ, ಉದಾಹರಣೆಗೆ ಮಂಟಪದ ಕಂಬದಲ್ಲಿ, ಅಕ್ಕಪಕ್ಕದ ಫೀಲ್ಡ್‌ಗಳ ಗೆರೆಯನ್ನೂ ಬಳಸುತ್ತವೆ. ಅಲ್ಲಾಡುವ ಜಾಗದಲ್ಲಿ ಮಾತ್ರ ಕಾಣೆಯಾದ ಗೆರೆಯನ್ನು ಊಹಿಸುತ್ತವೆ. ಯಾಡಿಫ್, ಬಿಡಬ್ಲ್ಯುಡಿಐಎಫ್ ಇಂಥವು. ಕ್ಯುಟಿಜಿಎಂಸಿ ಅಂತ ಇನ್ನೂ ಚೆನ್ನಾಗಿರೋದಿದೆ, ಆದರೆ ನಿಧಾನ, ಹೊಂದಿಸೋದಕ್ಕೆ ತಾಳ್ಮೆ ಬೇಕು.

ಉಚಿತವಾಗಿ ಸಿಗೋ ಹ್ಯಾಂಡ್‌ಬ್ರೇಕ್ ಸಾಕು ಅನ್ನೋದು ನನ್ನ ಅನುಭವ. ಫಿಲ್ಟರ್ಸ್ ಟ್ಯಾಬ್‌ನಲ್ಲಿ ಡಿಇಂಟರ್‌ಲೇಸ್ ಎದುರು ಬಿಡಬ್ಲ್ಯುಡಿಐಎಫ್ ಆರಿಸಿ, ಪ್ರೀಸೆಟ್‌ನಲ್ಲಿ ‘ಬಾಬ್’ ಇಡಿ. ಆಮೇಲೆ ವಿಡಿಯೊ ಟ್ಯಾಬ್‌ಗೆ ಹೋಗಿ ಫ್ರೇಮ್‌ರೇಟ್ 50 ಅಂತ ಕೊಡಿ. ಈ ಎರಡನೇದನ್ನು ಮರೆತು ನಾನು ಒಂದಿಡೀ ರಾತ್ರಿ ಕಂಪ್ಯೂಟರ್ ಓಡಿಸಿದ್ದೆ, ಬೆಳಿಗ್ಗೆ ನೋಡಿದರೆ ಅದೇ 25.

ಪ್ರೀಮಿಯರ್ ಥರದ ಎಡಿಟಿಂಗ್ ಸಾಫ್ಟ್‌ವೇರ್‌ನಲ್ಲಿ ಎಕ್ಸ್‌ಪೋರ್ಟ್ ಮಾಡುವಾಗ ಫೀಲ್ಡ್ ಆರ್ಡರ್ ಅಂತ ಒಂದು ಆಯ್ಕೆ ಇರುತ್ತೆ. ಅದನ್ನು ಪ್ರೋಗ್ರೆಸಿವ್ ಮಾಡಿದರೆ ಕೆಲಸ ಮುಗಿಯಿತು ಅಂದ್ಕೋಬೇಡಿ. ಟೈಮ್‌ಲೈನ್ 25ರಲ್ಲಿದ್ದರೆ ಹೊರಗೆ ಬರೋದೂ 25. ಇನ್ನೂ ದೊಡ್ಡ ಗುಂಡಿ ಅಂದರೆ, ಕ್ಲಿಪ್ಪನ್ನೇ ಸಾಫ್ಟ್‌ವೇರ್ ಪ್ರೋಗ್ರೆಸಿವ್ ಅಂತ ತಪ್ಪಾಗಿ ತಿಳಿದಿದ್ದರೆ ಬಿಡಿಸೋದಕ್ಕೆ ಏನೂ ಇಲ್ಲ ಅಂತ ಹಲ್ಲನ್ನು ಹಾಗೇ ಬಿಡುತ್ತೆ. ಆದ್ದರಿಂದ ಟೈಮ್‌ಲೈನ್‌ಗೆ ಎಳೆಯುವ ಮುಂಚೆ ಕ್ಲಿಪ್‌ನ ಫೀಲ್ಡ್ ಆರ್ಡರ್ ನೋಡಿ. ಮಿನಿಡಿವಿಯಲ್ಲಿ ಕೆಳಗಿನ ಫೀಲ್ಡ್ ಮೊದಲು, 1080 ಗೆರೆಯ ಇಂಟರ್‌ಲೇಸ್ಡ್ ಎಚ್‌ಡಿಯಲ್ಲಿ ಮೇಲಿನದು ಮೊದಲು. ಇದು ಅದಲುಬದಲಾದರೆ ಕಂಡುಹಿಡಿಯೋದು ಸುಲಭ: 50 ಫ್ರೇಮ್‌ನಲ್ಲಿ ಜನ ಎರಡು ಹೆಜ್ಜೆ ಮುಂದೆ, ಒಂದು ಹೆಜ್ಜೆ ಹಿಂದೆ ಅನ್ನೋ ಹಾಗೆ ನಡುಗ್ತಾ ನಡೀತಾರೆ.

ನಮ್ಮ ಪೆನ್‌ಡ್ರೈವ್ ಫೈಲ್‌ಗೆ ಇದ್ಯಾವುದೂ ಕೆಲಸ ಮಾಡಲಿಲ್ಲ. ಕಾರಣ, ಅಲ್ಲಿ ಹಲ್ಲು ಬಿಡಿಸದೆ ಮೊದಲೇ ವಿಡಿಯೊವನ್ನು 1080ಕ್ಕೆ ಹಿಗ್ಗಿಸಿದ್ದರು. ಹಿಗ್ಗಿಸಿದಾಗ ಪಕ್ಕಪಕ್ಕದ ಗೆರೆಗಳು ಒಂದಕ್ಕೊಂದು ಕಲೆಸಿಹೋಗುತ್ತವೆ. ಆಮೇಲೆ ಯಾವ ಗೆರೆ ಯಾವ ಫೀಲ್ಡ್‌ದು ಅಂತ ಫಿಲ್ಟರ್‌ಗೆ ಗೊತ್ತಾಗಲ್ಲ. ಹಾಲಿಗೆ ಬೆರೆಸಿದ ನೀರನ್ನು ವಾಪಸ್ ತೆಗೆದ ಹಾಗೆ. ಅದಕ್ಕೇ ಮೊದಲು ಡಿಇಂಟರ್‌ಲೇಸ್. ಹಿಗ್ಗಿಸೋದು, ಕತ್ತರಿಸೋದು, ಅಲುಗಾಟ ಸರಿಮಾಡೋದು ಎಲ್ಲ ಆಮೇಲೆ.

ಪುಣ್ಯಕ್ಕೆ ಅಮ್ಮ ಕ್ಯಾಸೆಟ್ ಎಸೆದಿರಲಿಲ್ಲ. ಮಾವನ ಕ್ಯಾಮೆರಾ ಇನ್ನೂ ಓಡ್ತಿತ್ತು. ಫೈರ್‌ವೈರ್ ಪೋರ್ಟ್ ಇರೋ ಹಳೇ ಕಂಪ್ಯೂಟರ್ ಸ್ನೇಹಿತನೊಬ್ಬನ ಹತ್ರ ಸಿಕ್ತು. ಮಿನಿಡಿವಿ ಡಿಜಿಟಲ್ ಟೇಪ್ ಆದ್ದರಿಂದ ಫೈರ್‌ವೈರ್‌ನಲ್ಲಿ ಅದರಲ್ಲಿರೋ ಮಾಹಿತಿ ಹಾಗ್ಹಾಗೇ ನಕಲಾಗುತ್ತೆ, ಒಂದು ಗಂಟೆಗೆ ಸುಮಾರು 13 ಜಿಬಿ. ಆ ಫೈಲನ್ನು ನಾವು ಮುಟ್ಟಿಲ್ಲ, ಎರಡು ಹಾರ್ಡ್ ಡಿಸ್ಕ್‌ನಲ್ಲಿ ಇಟ್ಟಿದ್ದೀವಿ. ನಿಮ್ಮನೇದು ವಿಎಚ್‌ಎಸ್ ಆಗಿದ್ದರೆ ಕ್ಯಾಪ್ಚರ್ ಮಾಡಿಕೊಡೋರಿಗೆ ಇಷ್ಟು ಹೇಳಿ: ‘576 ಗೆರೆ ಪೂರ್ತಿ ಇರಲಿ, ಇಂಟರ್‌ಲೇಸ್ಡ್ ಆಗೇ ಕೊಡಿ, ನಾವು ಬಿಡಿಸ್ಕೋತೀವಿ.’

ಹಾಗಂತ ಎಲ್ಲ ಹಳೇ ವಿಡಿಯೊಗೂ ಈ ಫಿಲ್ಟರ್ ಹಾಕಬೇಡಿ. ಸಿನಿಮಾ ಡಿವಿಡಿಗಳಲ್ಲಿ ಬಹಳಷ್ಟು ಸಲ ಎರಡೂ ಫೀಲ್ಡ್ ಒಂದೇ ಕ್ಷಣದ್ದಾಗಿರುತ್ತವೆ, ಫಿಲ್ಮ್‌ನ ಒಂದು ಫ್ರೇಮನ್ನೇ ಎರಡಾಗಿ ಸೀಳಿರುತ್ತಾರೆ. ಅಲ್ಲಿ ಬಿಡಿಸೋಕೆ ಹೋದರೆ ಇರೋ ಸ್ಪಷ್ಟತೆಯೂ ಹೋಗುತ್ತೆ. ಗೊತ್ತಾಗೋದು ಹೇಗೆ? ಕಂಪ್ಯೂಟರ್‌ನಲ್ಲಿ ವಿಎಲ್‌ಸಿ ತೆರೆದು, ಡಿಇಂಟರ್‌ಲೇಸ್ ಆಫ್ ಮಾಡಿ, ಯಾರಾದರೂ ವೇಗವಾಗಿ ಅಲ್ಲಾಡೋ ಜಾಗದಲ್ಲಿ ನಿಲ್ಲಿಸಿ. ಹಲ್ಲು ಕಂಡರೆ ಮಾತ್ರ ಬಿಡಿಸಿ.

ಯೂಟ್ಯೂಬ್‌ಗೆ ಹಾಕೋರಿಗೆ ಒಂದು ಮಾತು. ಅಲ್ಲಿ 50 ಫ್ರೇಮ್ ಉಳಿಯೋದು 720 ಗೆರೆ ಮತ್ತು ಅದಕ್ಕಿಂತ ಮೇಲಿನ ದರ್ಜೆಯಲ್ಲಿ ಮಾತ್ರ. ಆದ್ದರಿಂದ ಬಿಡಿಸಿದ ಮೇಲೆ ಚಿತ್ರವನ್ನು 1440×1080ಕ್ಕೆ ಹಿಗ್ಗಿಸಿ ಹಾಕಿ. 4:3 ಅನುಪಾತ ಹಾಗೇ ಇರುತ್ತೆ, ಮುಖ ಅಗಲ ಆಗಲ್ಲ.

ನಾವು ಮನೆಯವರ ಗ್ರೂಪ್‌ಗೆ ಕಳಿಸಿದ್ದು ಬರೀ 40 ಸೆಕೆಂಡಿನ ತುಣುಕು. ಗಟ್ಟಿಮೇಳ, ಎದ್ದು ನಿಂತ ಜನ, ಅಜ್ಜನ ಕೈ. ಚಿಕ್ಕಮ್ಮ ಫೋನ್ ಮಾಡಿ, ‘ಅಪ್ಪನ ಉಂಗುರ ಕಾಣ್ತಿದೆ ಕಣೋ’ ಅಂದರು.